ಎರಡು ಹೆಂಚುಗಳ ನಡುವಿನ ಸಂದು

ಕರಾವಳಿಯ ಮನೆಗಳಲ್ಲಿ ನೀರಿನೊಡನೆ ನಡೆಯುವ ಹೋರಾಟವು ಮೇಲೆ ಮಾಡಿನಲ್ಲಿಯೂ ಉಂಟು, ಕೆಳಗೆ ನೆಲದಲ್ಲಿಯೂ ಉಂಟು. ಮಾಡಿನ ಹೋರಾಟ ಎಲ್ಲರ ಕಣ್ಣಿಗೂ ಬೀಳುವಂಥದು. ಒಂದು ಹೆಂಚು ಜಾರಿದರೆ ಮನೆಮಂದಿಯೆಲ್ಲ ಪಾತ್ರೆ ಹಿಡಿದು ಓಡುತ್ತಾರೆ. ನೆಲದ ಹೋರಾಟವಾದರೋ ಅಕ್ಕಿಕಾಳಿನಷ್ಟು ಅಗಲದ ಒಂದು ಸಂದಿನಲ್ಲಿ, ಸದ್ದಿಲ್ಲದೆ, ವರ್ಷಗಟ್ಟಲೆ ನಡೆಯುತ್ತಿರುತ್ತದೆ. ಒಂದು ಟೈಲಿಗೂ ಅದರ ನೆರೆಯ ಟೈಲಿಗೂ ನಡುವೆ ಉಳಿಯುವ ಈ ಸಂದನ್ನು ಯಾವುದರಿಂದ ತುಂಬಬೇಕು ಎಂಬ ಪ್ರಶ್ನೆ ಮೇಲುನೋಟಕ್ಕೆ ಮೇಸ್ತ್ರಿಗಳಿಗೆ ಬಿಡಬಹುದಾದಷ್ಟು ಚಿಕ್ಕದಾಗಿ ತೋರಬಹುದು. ಆದರೆ ಅದನ್ನು ಬೆನ್ನಟ್ಟಿ ಹೊರಟರೆ ರಸಾಯನಶಾಸ್ತ್ರದ ಒಂದು ಸೊಗಸಾದ ಅಧ್ಯಾಯವೇ ತೆರೆದುಕೊಳ್ಳುತ್ತದೆ.

ಉಡುಪಿ ಜಿಲ್ಲೆಯ ಕಾಪು ತಾಲೂಕಿನ ಶಿರ್ವವನ್ನೇ ಉದಾಹರಣೆಗಾಗಿ ತೆಗೆದುಕೊಳ್ಳೋಣ. ಪಡುವಣದಲ್ಲಿ ಕಾಪುವಿನ ಕಡಲು, ಮೂಡಣದಲ್ಲಿ ಕಾರ್ಕಳದ ಕರಿಬಂಡೆಗಳು. ಇವುಗಳ ನಡುವಣ ಈ ಊರಿನ ನೆಲ ಬಹುಮಟ್ಟಿಗೆ ಮುರಕಲ್ಲಿನದು. ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳುಗಳಲ್ಲಿ. ಆ ಕಾಲದಲ್ಲಿ ಒಗೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಇನ್ನು ನೆಲದ ಸಂದು ಒಣಗುವುದೆಂತು? ಮುಂಬಯಿಯಲ್ಲಿಯೋ ಕೊಲ್ಲಿ ದೇಶಗಳಲ್ಲಿಯೋ ದುಡಿಯುವವರು ಊರಿನಲ್ಲಿ ಕಟ್ಟಿಸಿದ ಮನೆಗಳು ವರ್ಷದ ಹೆಚ್ಚು ಭಾಗ ಮುಚ್ಚಿಯೇ ಇರುವುದುಂಟು. ಮಳೆಗಾಲ ಕಳೆದು ಬಾಗಿಲು ತೆರೆದರೆ ಟೈಲುಗಳು ಮೊದಲಿನಂತೆಯೇ ಹೊಳೆಯುತ್ತಿರುತ್ತವೆ. ಆದರೆ ಅವುಗಳ ನಡುವಿನ ಬಿಳಿಯ ಗೆರೆಗಳೆಲ್ಲ ಬೂಷ್ಟು ಹಿಡಿದು ಕಪ್ಪಾಗಿರುತ್ತವೆ.

ಸಂದಿಲ್ಲದ ನೆಲದಿಂದ ಸಂದಿನ ನೆಲಕ್ಕೆ

ನಮ್ಮ ಹಿರಿಯರ ನೆಲಕ್ಕೆ ಸಂದೇ ಇರಲಿಲ್ಲ. ಮಣ್ಣನ್ನು ಬಡಿದು ಗಟ್ಟಿಮಾಡಿ, ತೆಂಗಿನ ಗೆರಟೆಯ ಮಸಿ ಬೆರೆಸಿದ ಸೆಗಣಿಯಿಂದ ಸಾರಿಸಿದ ನೆಲವು ಒಂದೇ ಹಾಸಾಗಿರುತ್ತಿತ್ತು. ಅನಂತರ ಬಂದ, ಕೆಂಪು ಆಕ್ಸೈಡು ಬೆರೆಸಿದ ಸಿಮೆಂಟಿನ ಕನ್ನಡಿಯಂಥ ನೆಲವೂ ಹಾಗೆಯೇ. ಸೆಗಣಿಯ ನೆಲ ಬಿರಿದರೆ ಮತ್ತೆ ಸಾರಿಸಿದರಾಯಿತು. ದುರಸ್ತಿಯೇ ಅದರ ದಿನಚರಿ.

ಸಂದು ಬಂದುದು ಹೆಂಚಿನೊಡನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಹೊರಟ ಬಾಸೆಲ್ ಮಿಶನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಅವರ ಪೈಕಿ ಗೇಯೋರ್ಗ್ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ದಡದ ಆವೆಮಣ್ಣಿನ ಗುಣವನ್ನು ಪರೀಕ್ಷಿಸಿ, ೧೮೬೫ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಮೂರು ವರ್ಷಗಳೊಳಗೆ, ೧೮೬೮ರಲ್ಲಿ, ಆಲ್ಬುಕರ್ಕ್ ಮನೆತನದವರು ಸ್ಥಳೀಯ ಬಂಡವಾಳದಿಂದ ಇನ್ನೊಂದು ಕಾರ್ಖಾನೆ ತೆರೆದರು. ಮುಂದೆ ಉಡುಪಿಯ ಬಳಿಯ ಮಲ್ಪೆಯಲ್ಲಿಯೂ ಬಾಸೆಲ್ ಮಿಶನಿನ ಹೆಂಚುಗಳು ತಯಾರಾದುವು. 'ಮಂಗಳೂರು ಹೆಂಚು' ಎಂದರೆ ನಮಗೆ ನೆನಪಾಗುವುದು ಮಾಡಿನ ಹೆಂಚು. ಆದರೆ ಈ ಕಾರ್ಖಾನೆಗಳು ನೆಲಕ್ಕೆ ಹಾಸುವ ಕೆಂಪು ಹೆಂಚುಗಳನ್ನೂ ಮಾಡುತ್ತಿದ್ದುವು.

ಮಾಡಿನ ಹೆಂಚಿಗೂ ನೆಲದ ಹೆಂಚಿಗೂ ಒಂದು ಮುಖ್ಯ ಭೇದವಿದೆ. ಮಾಡಿನ ಮೇಲೆ ಒಂದರ ತುಟಿಯ ಮೇಲೆ ಇನ್ನೊಂದು ಕುಳಿತುಕೊಳ್ಳುತ್ತದೆ. ನೀರು ಇಳಿಜಾರಿನಲ್ಲಿ ತನ್ನ ಭಾರದಿಂದಲೇ ಹರಿದು ಹೋಗುತ್ತದೆ. ಎರಡು ಕಿಲೋಗ್ರಾಮು ತೂಗುವ ಒಂದು ಹೆಂಚು ಶೇಕಡಾ ೧೮ರಷ್ಟು ನೀರು ಹೀರಬಲ್ಲುದಾದರೆ ಸುಮಾರು ೩೬೦ ಗ್ರಾಮು ನೀರನ್ನು ತನ್ನೊಳಗೆ ಇಟ್ಟುಕೊಳ್ಳಬಹುದು. ಆದರೂ ಮನೆಯೊಳಗೆ ತೊಟ್ಟಿಕ್ಕುವುದಿಲ್ಲ. ಬಿಸಿಲು ಬಂದೊಡನೆ ಅದು ಆರಿಹೋಗುತ್ತದೆ. ಆದುದರಿಂದ ಅಲ್ಲಿ ಗಾರೆಯೇ ಬೇಕಾಗಿಲ್ಲ. ನೆಲದ ಮೇಲಾದರೋ ನೀರು ನಿಲ್ಲುತ್ತದೆ, ಬಿಸಿಲು ಬಾರದು, ಹೆಂಚುಗಳು ಪರಸ್ಪರ ತಬ್ಬಿಕೊಳ್ಳದೆ ಪಕ್ಕಪಕ್ಕದಲ್ಲಿ ಮಲಗಿರುತ್ತವೆ. ನಡುವಿನ ಸಂದನ್ನು ಏನಾದರೊಂದರಿಂದ ತುಂಬಲೇಬೇಕು.

ಸಂದೇ ಬೇಡವೆಂದರೆ?

ಟೈಲುಗಳನ್ನು ಒಂದಕ್ಕೊಂದು ತಾಗಿಸಿಯೇ ಹಾಸಿದರೆ ಸಂದಿನ ಗೋಜೇ ಇರದಲ್ಲ, ಎಂದು ಯಾರಾದರೂ ಕೇಳಬಹುದು. ಇದಕ್ಕೆ ಎರಡು ಉತ್ತರಗಳುಂಟು. ಮೊದಲನೆಯದು, ಆವಿಗೆಯಲ್ಲಿ ಬೆಂದು ಬಂದ ಯಾವ ಎರಡು ಟೈಲುಗಳೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಅಳತೆಯವು ಆಗಿರುವುದಿಲ್ಲ. ಆ ವ್ಯತ್ಯಾಸವನ್ನು ಸಂದು ನುಂಗಿಕೊಳ್ಳುತ್ತದೆ.

ಎರಡನೆಯದು ಉಷ್ಣದಿಂದಾಗುವ ಹಿಗ್ಗುವಿಕೆ. ಸುಟ್ಟ ಮಣ್ಣಿನ ಟೈಲು ಪ್ರತಿ ಡಿಗ್ರಿ ಉಷ್ಣತೆಗೆ ತನ್ನ ಉದ್ದದ ದಶಲಕ್ಷದಲ್ಲಿ ಸುಮಾರು ೬ ಪಾಲು ಹಿಗ್ಗುತ್ತದೆ. ೬ ಮೀಟರ್ ಉದ್ದದ ಚಾವಡಿಯ ನೆಲದ ಉಷ್ಣತೆ ೨೦ ಡಿಗ್ರಿ ಸೆಂಟಿಗ್ರೇಡು ಏರಿತೆನ್ನೋಣ. ೬,೦೦೦ ಮಿಲಿಮೀಟರನ್ನು ೨೦ರಿಂದಲೂ ದಶಲಕ್ಷಾಂಶದ ೬ರಿಂದಲೂ ಗುಣಿಸಿದರೆ ೦.೭೨ ಮಿಲಿಮೀಟರ್ ಬರುತ್ತದೆ. ಇದು ಅತ್ಯಲ್ಪವೆಂದು ತೋರೀತು. ಆದರೆ ಎಡೆಯಿಲ್ಲದೆ ಜೋಡಿಸಿದ ಸಾಲಿಗೆ ಅಷ್ಟು ಸ್ಥಳವೂ ಸಿಗದೆ ಹೋದರೆ, ನಟ್ಟನಡುವೆ ಎರಡು ಟೈಲುಗಳು ಗುಡಾರದಂತೆ ಮೇಲೆದ್ದು ನಿಲ್ಲುತ್ತವೆ. ಬೇಸಗೆಯಲ್ಲಿ ಹೀಗೆ ಟೈಲು ಸಿಡಿದೆದ್ದುದನ್ನು ಅನೇಕರು ಕಂಡಿರಬಹುದು.

ಹೀಗಾಗಿ ೨–೩ ಮಿಲಿಮೀಟರಿನ ಸಂದು ಅನಿವಾರ್ಯ. ಅದು ನೆಲದ ಎಷ್ಟು ಪಾಲು? ೪ ಮೀಟರ್ ಉದ್ದ, ೩ ಮೀಟರ್ ಅಗಲದ ಅಡಿಗೆಮನೆಗೆ ೬೦೦ ಮಿಲಿಮೀಟರ್ ಚೌಕದ ಟೈಲು ಹಾಸಿದರೆ ಉದ್ದಕ್ಕೆ ನಾಲ್ಕು ಗೆರೆ, ಅಡ್ಡಕ್ಕೆ ಆರು ಗೆರೆ. ಒಟ್ಟು ೩೪ ಮೀಟರ್ ಸಂದು. ೩ ಮಿಲಿಮೀಟರ್ ಅಗಲವೆಂದರೆ ಅದರ ವಿಸ್ತೀರ್ಣ ಚದರ ಮೀಟರಿನ ಹತ್ತನೆಯ ಒಂದು ಪಾಲು, ಎಂದರೆ ನೆಲದ ನೂರರಲ್ಲಿ ಒಂದು ಪಾಲೂ ಅಲ್ಲ. ಉಳಿದ ತೊಂಬತ್ತೊಂಬತ್ತು ಪಾಲಿಗೆ ಹಾಸಿರುವ ವಿಟ್ರಿಫೈಡ್ ಟೈಲು ತನ್ನ ತೂಕದ ಶೇಕಡಾ ಅರೆಪಾಲಿಗಿಂತ ಹೆಚ್ಚು ನೀರು ಹೀರುವುದಿಲ್ಲ. ಆದರೂ ನೆಲದ ಆಯುಷ್ಯವನ್ನು ನಿರ್ಣಯಿಸುವುದು ಆ ಒಂದು ಪಾಲೇ!

ಸಿಮೆಂಟಿನ ಒಳಗಿನ ಸುಣ್ಣ

ನಮ್ಮ ಕರಾವಳಿಯಲ್ಲಿ ಹಿಂದೆ ಗಾರೆಗೆ ಚಿಪ್ಪಿನ ಸುಣ್ಣವನ್ನು ಬಳಸುತ್ತಿದ್ದರು. ಹೊಳೆಯ ಚಿಪ್ಪುಗಳನ್ನು ಸುಟ್ಟರೆ ಸುಣ್ಣವಾಗುತ್ತದೆ. ನೀರು ಕೂಡಿಸಿದರೆ ಅರಳುತ್ತದೆ. ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಮೆಲ್ಲಮೆಲ್ಲನೆ ಹೀರಿ ಮತ್ತೆ ಚಿಪ್ಪಿನ ದ್ರವ್ಯವೇ ಆಗಿ ಗಟ್ಟಿಯಾಗುತ್ತದೆ. ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ೧೮೨೪ರಲ್ಲಿ ಪೇಟೆಂಟು ಪಡೆದ ಪೋರ್ಟ್‌ಲೆಂಡ್ ಸಿಮೆಂಟು ಈ ಕೆಲಸವನ್ನು ಬೇರೆ ಬಗೆಯಲ್ಲಿ, ಬಹು ಬೇಗನೆ ಮಾಡುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ ಸಿಲಿಕೇಟುಗಳು ನೀರಿನೊಡನೆ ಸೇರಿ ಸೂಕ್ಷ್ಮವಾದ ಎಳೆಎಳೆಯ ಜಾಲವಾಗಿ ಹೆಪ್ಪುಗಟ್ಟುತ್ತವೆ. ಆದರೆ ಈ ಕ್ರಿಯೆಯಲ್ಲಿ ಎರಡು ವಸ್ತುಗಳು ಮಿಗುತ್ತವೆ. ಒಂದು, ಅರಳಿದ ಸುಣ್ಣ. ಇನ್ನೊಂದು, ಹೆಚ್ಚಾಗಿ ಬೆರೆಸಿದ ನೀರು ಆರಿಹೋದ ಮೇಲೆ ಉಳಿಯುವ ಬರಿಯ ರಂಧ್ರಗಳು.

ರಂಧ್ರಗಳ ವಿಷಯವನ್ನು ಮೊದಲು ನೋಡೋಣ. ಕೊಳವೆ ಕಿರಿದಾದಷ್ಟೂ ನೀರು ಅದರಲ್ಲಿ ಎತ್ತರಕ್ಕೆ ಏರುತ್ತದೆಂಬುದನ್ನು ಶಾಲೆಯ ಪ್ರಯೋಗಶಾಲೆಯಲ್ಲಿ ನೋಡಿರುತ್ತೀರಿ. ಒಂದು ಮಿಲಿಮೀಟರ್ ತ್ರಿಜ್ಯದ ಕೊಳವೆಯಲ್ಲಿ ನೀರು ಸುಮಾರು ೧೫ ಮಿಲಿಮೀಟರ್ ಏರಿದರೆ, ಮಿಲಿಮೀಟರಿನ ಸಾವಿರದಲ್ಲಿ ಒಂದಂಶ ತ್ರಿಜ್ಯದ ರಂಧ್ರದಲ್ಲಿ ಲೆಕ್ಕದ ಪ್ರಕಾರ ೧೫ ಮೀಟರ್ ಏರಬಲ್ಲುದು. ಸಿಮೆಂಟಿನೊಳಗೆ ಇಂಥ ರಂಧ್ರಗಳು ಅಸಂಖ್ಯಾತ. ಆದುದರಿಂದ ಸಿಮೆಂಟು ತುಂಬಿದ ಸಂದು, ನೋಡುವುದಕ್ಕೆ ಕಲ್ಲಿನಂತಿದ್ದರೂ ನಡತೆಯಲ್ಲಿ ಬತ್ತಿಯಂಥದು. ಅರಸಿನ ನೀರು, ಮೀನಿನ ಸಾರು, ಬಾವಿನೀರಿನ ಕಬ್ಬಿಣದ ಕೆಂಪು, ಎಲ್ಲವನ್ನೂ ಒಳಗೆ ಎಳೆದುಕೊಳ್ಳುತ್ತದೆ. ಹೀಗೆ ಒಳಹೊಕ್ಕ ತೇವವೂ ಕೊಳೆಯೂ ಬೂಷ್ಟಿಗೆ ಮನೆ ಮತ್ತು ಊಟ ಎರಡನ್ನೂ ಒದಗಿಸುತ್ತವೆ.

ಇನ್ನು ಮಿಕ್ಕ ಸುಣ್ಣ. ಅದು ನೀರಿನಲ್ಲಿ ಅಷ್ಟಿಷ್ಟು ಕರಗುತ್ತದೆ. ಕರಗಿದ್ದು ಮೇಲ್ಮೈಗೆ ಬಂದು, ಗಾಳಿಯ ಸಂಪರ್ಕದಿಂದ ಬಿಳಿಯ ಪುಡಿಯಾಗಿ ಕೂರುತ್ತದೆ. ಬಣ್ಣದ ಸಿಮೆಂಟು ತುಂಬಿದ ಸಂದು ಕೆಲವು ದಿನಗಳಲ್ಲಿ ನರೆತಂತೆ ಕಾಣುವುದು ಇದರಿಂದಲೇ. ಅದಕ್ಕಿಂತಲೂ ಹೆಚ್ಚಿನ ಅಪಾಯ ಆಮ್ಲಗಳಿಂದ. ಹುಳಿಮಜ್ಜಿಗೆಯಲ್ಲಿರುವ ಲ್ಯಾಕ್ಟಿಕ್ ಆಮ್ಲವೂ ವಿನೆಗರಿನ ಅಸೆಟಿಕ್ ಆಮ್ಲವೂ ಸುಣ್ಣವನ್ನು ನೀರಿನಲ್ಲಿ ಕರಗುವ ಲವಣಗಳನ್ನಾಗಿ ಮಾರ್ಪಡಿಸುತ್ತವೆ. ಬಚ್ಚಲುಮನೆಯ ಕರೆ ತೆಗೆಯಲೆಂದು ಅಂಗಡಿಯಿಂದ ತರುವ 'ಆಸಿಡ್' ಬಹುಮಟ್ಟಿಗೆ ಹೈಡ್ರೋಕ್ಲೋರಿಕ್ ಆಮ್ಲವೇ. ಅದನ್ನು ಸುರಿದಾಗ ನೊರೆಯೆದ್ದು ನೆಲ ಬೆಳ್ಳಗಾಗುತ್ತದೆ. ಆ ನೊರೆಯೊಡನೆ ಸಂದಿನ ಒಂದು ಪದರವೂ ಕೊಚ್ಚಿಹೋಗುತ್ತದೆಂಬುದು ಅನೇಕರಿಗೆ ತಿಳಿಯದು. ಸಂದು ಆಳವಾದಷ್ಟೂ ಕೊಳೆ ಹೆಚ್ಚು ನಿಲ್ಲುತ್ತದೆ. ಕೊಳೆ ಹೆಚ್ಚಾದಷ್ಟೂ ಆಸಿಡಿನ ಸುರಿತ ಹೆಚ್ಚುತ್ತದೆ. ಹೀಗೆ ಶುಚಿಗೊಳಿಸುವ ಕೆಲಸವೇ ಕೆಡಿಸುವ ಕೆಲಸವಾಗುತ್ತದೆ.

ಬಾಸೆಲ್ ನಗರದ ಇನ್ನೊಂದು ಕಾಣಿಕೆ

ಈ ಸಂದಿಗೆ ಸಿಮೆಂಟಿನ ಬದಲು ತುಂಬಬಹುದಾದ ಇನ್ನೊಂದು ವಸ್ತುವೇ ಎಪಾಕ್ಸಿ. ಅದರ ಚರಿತ್ರೆಯಲ್ಲಿಯೂ ಬಾಸೆಲ್ ನಗರದ ಹೆಸರು ಬರುವುದು ಒಂದು ವಿನೋದದ ಸಂಗತಿ.

ರಷ್ಯಾದ ರಸಾಯನಶಾಸ್ತ್ರಜ್ಞ ಪ್ರಿಲೆಷಾಯೆವ್ ಎಪಾಕ್ಸಿ ಸಂಯುಕ್ತಗಳನ್ನು ಪಡೆಯುವ ಒಂದು ವಿಧಾನವನ್ನು ೧೯೦೯ರಲ್ಲಿ ಕಂಡುಹಿಡಿದನು. ಜರ್ಮನಿಯ ಪೌಲ್ ಶ್ಲಾಕ್ ಎಂಬಾತ ೧೯೩೪ರಲ್ಲಿ ಇಂಥ ಸಂಯುಕ್ತಗಳು ಅಮೀನುಗಳೊಡನೆ ಸೇರಿ ದೊಡ್ಡ ಅಣುಗಳಾಗುವುದನ್ನು ತೋರಿಸಿದನು. ಆದರೆ ಅವುಗಳನ್ನು ನಿಜವಾಗಿ ಉಪಯೋಗಕ್ಕೆ ತಂದವರಲ್ಲಿ ಮೊದಲಿಗನು ಪಿಯೇರ್ ಕಾಸ್ತಾಂ ಎಂಬ ಸ್ವಿಸ್ ವಿಜ್ಞಾನಿ. ದಂತವೈದ್ಯರ ಸಾಮಗ್ರಿಗಳನ್ನು ಮಾಡುವ ಡಿ ಟ್ರೇ ಎಂಬ ಸಂಸ್ಥೆಯಲ್ಲಿ ಆತನು ದುಡಿಯುತ್ತಿದ್ದನು. ಕಟ್ಟುಹಲ್ಲುಗಳನ್ನು ಕೂರಿಸುವುದಕ್ಕೆ, ಗಟ್ಟಿಯಾಗುವಾಗ ಕುಗ್ಗದಂಥ ಒಂದು ರಾಳ ಬೇಕೆಂಬುದು ಆತನ ಹುಡುಕಾಟ. ೧೯೩೮ರಲ್ಲಿ ಆತನು ಎಪಾಕ್ಸಿ ರಾಳಕ್ಕೆ ಪೇಟೆಂಟಿನ ಅರ್ಜಿ ಸಲ್ಲಿಸಿದನು. ದಂತವೈದ್ಯದಲ್ಲಿ ಅದಕ್ಕೆ ನೆಲೆ ಸಿಗಲಿಲ್ಲ; ಆದರೆ ಬಾಸೆಲಿನ ಸೀಬಾ ಸಂಸ್ಥೆ ಅದರ ಹಕ್ಕನ್ನು ಪಡೆದು, ೧೯೪೬ರಲ್ಲಿ 'ಅರಾಲ್ಡೈಟ್' ಎಂಬ ಹೆಸರಿನ ಅಂಟನ್ನು ಹೊರತಂದಿತು. ಅಮೆರಿಕದಲ್ಲಿ ಸಿಲ್ವನ್ ಗ್ರೀನ್‌ಲೀ ಎಂಬಾತನೂ ಅದೇ ದಶಕದಲ್ಲಿ ಬಣ್ಣಗಳಿಗಾಗಿ ಇದೇ ಬಗೆಯ ರಾಳಗಳನ್ನು ರೂಪಿಸಿದನು. ಹೀಗೆ ಹೆಂಚಿನ ಕಸಬನ್ನು ಕರಾವಳಿಗೆ ತಂದವರು ಹೊರಟ ಊರಿನಿಂದಲೇ, ಸುಮಾರು ಎಂಬತ್ತು ವರ್ಷಗಳ ತರುವಾಯ, ಹೆಂಚಿನ ಸಂದಿಗೆ ಬೇಕಾದ ರಾಳವೂ ಹೊರಟಿತು.

ಅರಾಲ್ಡೈಟಿನ ಎರಡು ಕೊಳವೆಗಳನ್ನು ನೀವು ಕಂಡಿರಬಹುದು. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಗಡುಸುಕಾರಕ, ಎಂದರೆ ಮೇಸ್ತ್ರಿಗಳು ಹೇಳುವ 'ಹಾರ್ಡನರ್'. ಸಂದು ತುಂಬುವ ಎಪಾಕ್ಸಿ ಗ್ರೌಟಿನಲ್ಲಿಯೂ ಇವೆರಡೇ ಮುಖ್ಯ. ಮೂರನೆಯದಾಗಿ ಬಣ್ಣ ಕಟ್ಟಿದ ಸಣ್ಣ ಬೆಣಚುಕಲ್ಲಿನ ಪುಡಿ ಸೇರುತ್ತದೆ. ಈ ಪುಡಿ ಬರಿಯ ತುಂಬುವ ವಸ್ತುವಲ್ಲ. ಅದು ಗಡಸುತನವನ್ನು ಹೆಚ್ಚಿಸುತ್ತದೆ, ಕುಗ್ಗುವಿಕೆಯನ್ನು ತಗ್ಗಿಸುತ್ತದೆ, ರಾಳದ ಖರ್ಚನ್ನೂ ಉಳಿಸುತ್ತದೆ.

ಮೂರು ಮೂಲೆಯ ಉಂಗುರ

ಎಪಾಕ್ಸಿಯ ಶಕ್ತಿಯೆಲ್ಲ ಒಂದು ಪುಟ್ಟ ಉಂಗುರದಲ್ಲಿ ಅಡಗಿದೆ. ಎರಡು ಇಂಗಾಲದ ಪರಮಾಣುಗಳೂ ಒಂದು ಆಮ್ಲಜನಕದ ಪರಮಾಣುವೂ ತ್ರಿಕೋನಾಕಾರವಾಗಿ ಕೈಹಿಡಿದಿರುವ ಉಂಗುರವದು. ಇಂಗಾಲದ ಕೈಗಳು ಸಹಜವಾಗಿ ಸುಮಾರು ೧೦೯ ಡಿಗ್ರಿಗಳ ಕೋನದಲ್ಲಿ ಚಾಚಿಕೊಂಡಿರಲು ಬಯಸುತ್ತವೆ. ತ್ರಿಕೋನದಲ್ಲಾದರೋ ಅವು ೬೦ ಡಿಗ್ರಿಗೆ ಬಾಗಬೇಕು. ಬಗ್ಗಿಸಿ ಕಟ್ಟಿದ ಬಿಲ್ಲಿನಂತೆ ಈ ಉಂಗುರ ಸದಾ ಬಿಗಿತದಲ್ಲಿರುತ್ತದೆ. ನೆಪ ಸಿಕ್ಕಿದೊಡನೆ ತೆರೆದುಕೊಳ್ಳಲು ಕಾದಿರುತ್ತದೆ.

ಆ ನೆಪವನ್ನು ಒದಗಿಸುವುದೇ ಗಡುಸುಕಾರಕ. ಅದರಲ್ಲಿರುವ ಅಮೀನುಗಳೆಂಬ ಸಾರಜನಕದ ಸಂಯುಕ್ತಗಳಲ್ಲಿ, ಸಾರಜನಕಕ್ಕೆ ಅಂಟಿಕೊಂಡ ಜಲಜನಕದ ಪರಮಾಣುಗಳಿವೆ. ಸಾರಜನಕವು ಉಂಗುರದ ಒಂದು ಇಂಗಾಲವನ್ನು ಹಿಡಿಯುತ್ತದೆ, ಉಂಗುರ ತೆರೆಯುತ್ತದೆ, ಜಲಜನಕವು ಆಮ್ಲಜನಕದ ಕಡೆಗೆ ದಾಟುತ್ತದೆ. ಒಂದೊಂದು ಜಲಜನಕಕ್ಕೆ ಒಂದೊಂದು ಉಂಗುರ. ರಾಳದ ಪ್ರತಿ ಅಣುವಿನ ಎರಡು ತುದಿಗಳಲ್ಲಿಯೂ ಉಂಗುರಗಳಿರುತ್ತವೆ. ಗಡುಸುಕಾರಕದ ಅಣುವಿಗೆ ನಾಲ್ಕೋ ಆರೋ ಕೈಗಳಿರಬಹುದು. ಇವು ಒಂದನ್ನೊಂದು ಹಿಡಿಯುತ್ತ ಹೋದರೆ ಸರಪಣಿಯಲ್ಲ, ಬಲೆಯೇ ಹೆಣೆಯುತ್ತದೆ. ಮಲ್ಪೆಯ ಮೀನುಗಾರರ ಬಲೆಗೆ ಉದ್ದ ಅಗಲಗಳು ಮಾತ್ರವಾದರೆ, ಈ ಬಲೆಗೆ ಆಳವೂ ಉಂಟು. ಸಂದಿನಲ್ಲಿ ತುಂಬಿದ ಎಪಾಕ್ಸಿ ಪೂರ್ತಿ ಗಟ್ಟಿಯಾದಾಗ ಅದರ ರಾಳವೆಲ್ಲ ಹೆಚ್ಚುಕಡಿಮೆ ಒಂದೇ ಮಹಾ ಅಣುವಾಗಿರುತ್ತದೆಂದರೆ ಅತಿಶಯೋಕ್ತಿಯಾಗದು.

ಇಲ್ಲಿ ಒಂದು ಮುಖ್ಯ ವಿಷಯವನ್ನು ಗಮನಿಸಬೇಕು. ಸಿಮೆಂಟು ಗಟ್ಟಿಯಾಗುವಾಗ ಮಿಕ್ಕ ನೀರು ಆರಿಹೋಗಿ ರಂಧ್ರಗಳು ಉಳಿಯುತ್ತವೆ. ಎಪಾಕ್ಸಿಯಲ್ಲಿ ಏನೂ ಆರಿಹೋಗುವುದಿಲ್ಲ. ಸುರಿದ ರಾಳವೂ ಗಡುಸುಕಾರಕವೂ ಬಲೆಯೊಳಗೇ ಉಳಿಯುತ್ತವೆ. ಸುಣ್ಣವೂ ಇಲ್ಲವಾದುದರಿಂದ ಹುಳಿಮಜ್ಜಿಗೆಗೆ ಅಲ್ಲಿ ಮೇಯಲು ಏನೂ ಸಿಗುವುದಿಲ್ಲ.

ಯೂರೋಪಿನ ಮಾನಕವೊಂದು ಈ ವ್ಯತ್ಯಾಸವನ್ನು ಅಂಕೆಗಳಲ್ಲಿ ಹೇಳುತ್ತದೆ. ನಾಲ್ಕು ಗಂಟೆಗಳ ಕಾಲ ನೀರಿನ ಸಂಪರ್ಕದಲ್ಲಿಟ್ಟ ಪರೀಕ್ಷೆಯ ತುಂಡು ಸಿಮೆಂಟಿನದಾದರೆ ೧೦ ಗ್ರಾಮಿಗಿಂತ ಹೆಚ್ಚು ನೀರು ಹೀರಬಾರದು. ಎಪಾಕ್ಸಿಯಂಥ ರಾಳದ್ದಾದರೆ ೦.೧ ಗ್ರಾಮಿಗಿಂತ ಹೆಚ್ಚು ಹೀರಬಾರದು. ಎಂದರೆ ನೂರರಲ್ಲಿ ಒಂದು ಪಾಲು. ಒತ್ತಡ ತಾಳುವ ಬಲ ಸಿಮೆಂಟಿಗೆ ಚದರ ಮಿಲಿಮೀಟರಿಗೆ ಕನಿಷ್ಠ ೧೫ ನ್ಯೂಟನ್, ರಾಳಕ್ಕೆ ಕನಿಷ್ಠ ೪೫. ಕುಗ್ಗುವಿಕೆಯ ಮಿತಿ ಸಿಮೆಂಟಿಗೆ ಮೀಟರಿಗೆ ೩ ಮಿಲಿಮೀಟರ್, ರಾಳಕ್ಕೆ ಅದರ ಅರ್ಧ.

ಲೆಕ್ಕ ತಪ್ಪಿದರೆ

ಸಿಮೆಂಟು ಉದಾರಿ. ನೀರು ಒಂದು ಲೋಟ ಹೆಚ್ಚಾದರೆ ಬಲ ತಗ್ಗೀತು, ಆದರೆ ಗಟ್ಟಿಯಂತೂ ಆಗುತ್ತದೆ. ಎಪಾಕ್ಸಿಗೆ ಈ ಔದಾರ್ಯವಿಲ್ಲ. ಸಾಮಾನ್ಯ ದ್ರವರಾಳದ ಸುಮಾರು ೧೮೭ ಗ್ರಾಮಿನಲ್ಲಿ ಎಷ್ಟು ಉಂಗುರಗಳಿವೆಯೋ ಅಷ್ಟೇ ಜಲಜನಕಗಳು ಗಡುಸುಕಾರಕದಲ್ಲಿರಬೇಕು. ಟ್ರೈ ಎಥಿಲೀನ್ ಟೆಟ್ರಮೀನ್ ಎಂಬ ಗಡುಸುಕಾರಕದ ಅಣುತೂಕ ೧೪೬. ಅದರ ಪ್ರತಿ ಅಣುವಿಗೆ ಆರು ಕೈಗಳು. ೧೪೬ನ್ನು ೬ರಿಂದ ಭಾಗಿಸಿದರೆ ಒಂದು ಕೈಗೆ ೨೪.೩ ಗ್ರಾಮು. ಹಾಗಾದರೆ ೧೮೭ ಗ್ರಾಮು ರಾಳಕ್ಕೆ ೨೪.೩ ಗ್ರಾಮು, ನೂರು ಗ್ರಾಮಿಗೆ ೧೩ ಗ್ರಾಮು. 'ಬೇಗ ಗಟ್ಟಿಯಾಗಲಿ' ಎಂದು ಯಾರಾದರೂ ೨೦ ಗ್ರಾಮು ಹಾಕಿದರೆ ಹೆಚ್ಚಾದ ಕೈಗಳಿಗೆ ಹಿಡಿಯಲು ಉಂಗುರಗಳೇ ಇರುವುದಿಲ್ಲ. ಬಲೆಯ ಗಂಟುಗಳು ಸಡಿಲಾಗಿ ಸಂದು ಮೆತ್ತಗೆ ಉಳಿಯುತ್ತದೆ. ಕಡಿಮೆ ಹಾಕಿದರೂ ಫಲ ಅದೇ. ಆದುದರಿಂದಲೇ ಗ್ರೌಟಿನ ತಯಾರಕರು ಎರಡನ್ನೂ ತೂಗಿಯೇ ಕಟ್ಟಿರುತ್ತಾರೆ. ಅರ್ಧ ಕಟ್ಟನ್ನು ಕಣ್ಣಳತೆಯಿಂದ ಬೆರೆಸುವುದು ರಸಾಯನಶಾಸ್ತ್ರದೊಡನೆ ಜೂಜಾಡಿದಂತೆ.

ಉಂಗುರಗಳು ತೆರೆಯುವಾಗ ಅವುಗಳ ಬಿಗಿತ ಶಾಖವಾಗಿ ಹೊರಬರುತ್ತದೆ. ಬೆರೆಸಿದ ಗ್ರೌಟನ್ನು ಬಕೀಟಿನಲ್ಲಿಯೇ ಬಿಟ್ಟರೆ ಶಾಖ ಹೊರಹೋಗಲಾರದೆ ರಾಶಿ ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಕ್ರಿಯೆ ವೇಗವಾಗಿ, ಕರಣೆ ಅದರಲ್ಲಿಯೇ ಹುಗಿದುಹೋಗಬಹುದು. ಉಷ್ಣತೆ ೧೦ ಡಿಗ್ರಿ ಏರಿದರೆ ಕ್ರಿಯೆಯ ವೇಗ ಸ್ಥೂಲವಾಗಿ ಇಮ್ಮಡಿಯಾಗುತ್ತದೆಂಬ ನಿಯಮವನ್ನು ನೆನೆಯಿರಿ. ೨೩ ಡಿಗ್ರಿಯಲ್ಲಿ ೪೦ ನಿಮಿಷ ಕೆಲಸಕ್ಕೆ ಒದಗುವ ಮಿಶ್ರಣವು ಶಿರ್ವದ ಏಪ್ರಿಲಿನ ೩೩ ಡಿಗ್ರಿಯಲ್ಲಿ ೨೦ ನಿಮಿಷಕ್ಕೇ ಮುಗಿದೀತು. ಆದುದರಿಂದ ಮುಂಜಾನೆಯ ಹೊತ್ತು, ಸ್ವಲ್ಪ ಸ್ವಲ್ಪವಾಗಿ ಒದಗಿಸಿದ ಕಟ್ಟುಗಳನ್ನು ಬೆರೆಸಿ, ಬಕೀಟಿನಿಂದ ಒಡನೆ ನೆಲಕ್ಕೆ ಹರಡುವುದೇ ಜಾಣತನ.

ಮಳೆಗಾಲದಲ್ಲಿ ತೊಡಕು ಬೇರೆ. ಸಂದಿನಲ್ಲಿ ತೇವವಿದ್ದರೆ ರಾಳ ಟೈಲಿನ ಅಂಚನ್ನು ಸರಿಯಾಗಿ ಹಿಡಿಯುವುದಿಲ್ಲ. ಅಲ್ಲದೆ ಕೆಲವು ಅಮೀನುಗಳು ತೇವದ ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡಿನೊಡನೆ ಸೇರಿ, ಮೇಲ್ಮೈಯಲ್ಲಿ ಜಿಗುಟಾದ ಬೆಳ್ಳನೆಯ ಪೊರೆ ಕಟ್ಟುತ್ತವೆ. ಟೈಲಿನ ಮೇಲೆ ಉಳಿದ ಗ್ರೌಟನ್ನು ಹಸಿಯಾಗಿರುವಾಗಲೇ ಒದ್ದೆ ಸ್ಪಂಜಿನಿಂದ ಒರೆಸಿ ತೆಗೆಯಬೇಕು. ಮರುದಿನಕ್ಕೆ ಬಿಟ್ಟರೆ ಅದು ಟೈಲಿನ ಭಾಗವೇ ಆಗಿಬಿಡುತ್ತದೆ. ಮಂಗಳೂರಿನ ಹಳೆಯ ಕೆಂಪು ನೆಲಹೆಂಚಿನಂಥ ರಂಧ್ರಮಯವಾದ ಮೈಯಲ್ಲಿ ಬಣ್ಣದ ರಾಳ ಇಂಗಿದರೆ ಆ ಕಲೆ ಹೋಗುವುದೇ ಇಲ್ಲ.

ಎಪಾಕ್ಸಿಯ ಮಿತಿಗಳು

ಇಷ್ಟು ಹೊಗಳಿದ ಮೇಲೆ ದೋಷಗಳನ್ನೂ ಹೇಳುವುದು ನ್ಯಾಯ. ಸಾಮಾನ್ಯ ಉಷ್ಣತೆಯಲ್ಲಿ ಗಟ್ಟಿಯಾದ ಎಪಾಕ್ಸಿಗಳಲ್ಲಿ ಬಹಳಷ್ಟು ೫೦–೬೦ ಡಿಗ್ರಿಯ ಮೇಲೆ ಮೆತ್ತಗಾಗತೊಡಗುತ್ತವೆ. ಕುದಿಯುವ ಗಂಜಿತಿಳಿಯನ್ನು ದಿನವೂ ಒಂದೇ ಕಡೆ ಚೆಲ್ಲುವ ದೊಡ್ಡ ಅಡಿಗೆಶಾಲೆಗಳಲ್ಲಿ ಇದನ್ನು ನೆನಪಿನಲ್ಲಿಡಬೇಕು. ಬಿಸಿಲಿನ ಅತಿನೇರಳೆ ಕಿರಣಗಳಿಂದ ಬಿಳಿಯ ಎಪಾಕ್ಸಿ ಹಳದಿಯಾಗುತ್ತದೆ. ಅಂಗಳಕ್ಕೆ ಅದು ತಕ್ಕುದಲ್ಲ. ಪ್ರಬಲವಾದ ನೈಟ್ರಿಕ್ ಆಮ್ಲ, ಸಲ್ಫ್ಯೂರಿಕ್ ಆಮ್ಲಗಳನ್ನು ಅದೂ ತಾಳಲಾರದು. ಅದರ ಬೆಲೆ ಸಿಮೆಂಟು ಗ್ರೌಟಿನ ಹಲವು ಪಟ್ಟು.

ಇನ್ನೂ ಮುಖ್ಯವಾದ ಒಂದು ಭ್ರಮೆಯನ್ನು ಕಳೆಯಬೇಕು. ಸಂದಿಗೆ ಎಪಾಕ್ಸಿ ತುಂಬಿದ ಮಾತ್ರಕ್ಕೆ ಬಚ್ಚಲುಮನೆಯ ಸೋರಿಕೆ ನಿಲ್ಲುವುದಿಲ್ಲ. ನೆಲವು ಗೋಡೆಯನ್ನು ಸಂಧಿಸುವ ಮೂಲೆಗಳಲ್ಲಿ, ಕೊಳವೆಗಳ ಸುತ್ತಲಲ್ಲಿ ನೀರು ದಾರಿ ಹುಡುಕುತ್ತದೆ. ಟೈಲಿನ ಅಡಿಯಲ್ಲಿ ನೀರು ತಡೆಯುವ ಪದರವಿಲ್ಲದಿದ್ದರೆ ಮೇಲಿನ ಗ್ರೌಟು ಎಷ್ಟು ಉತ್ತಮವಾದರೂ ಪ್ರಯೋಜನ ಸಾಲದು. ಗೋಡೆಯ ಅಂಚಿನ ಹಿಗ್ಗುಸಂದನ್ನು ರಬ್ಬರಿನಂತೆ ಬಾಗುವ ವಸ್ತುವಿನಿಂದಲೇ ತುಂಬಬೇಕು. ಅಲ್ಲಿ ಗಡುಸಾದ ಎಪಾಕ್ಸಿ ತುಂಬಿದರೆ ಹಿಂದೆ ಲೆಕ್ಕ ಹಾಕಿದ ೦.೭೨ ಮಿಲಿಮೀಟರ್ ಹೋಗುವುದೆಲ್ಲಿಗೆ?

ಮುರಕಲ್ಲಿನ ನೆಲಕ್ಕೆ ಇನ್ನೊಂದು ಮಾತು. ಬುಕಾನನ್ ಎಂಬ ಪ್ರವಾಸಿ ವೈದ್ಯನು ಮೈಸೂರು, ಕೆನರಾ, ಮಲಬಾರುಗಳಲ್ಲಿ ಸುತ್ತಾಡಿ ೧೮೦೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕಲ್ಲಿಗೆ 'ಲ್ಯಾಟರೈಟ್' ಎಂಬ ಹೆಸರನ್ನಿತ್ತನು. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರದು. ತೂತುತೂತಾದ ಈ ಕಲ್ಲು ಮಳೆಗಾಲದಲ್ಲಿ ನೀರು ಕುಡಿದು ಮೇಲಕ್ಕೆ ತೇವವನ್ನು ಕಳುಹಿಸುತ್ತದೆ. ಹಳೆಯ ಸೆಗಣಿಯ ನೆಲ, ಕೆಂಪು ಹೆಂಚಿನ ನೆಲಗಳು ಆ ತೇವವನ್ನು ಉಸಿರಾಡಿ ಹೊರಬಿಡುತ್ತಿದ್ದುವು. ನೀರು ಹೀರದ ಟೈಲು, ನೀರು ಬಿಡದ ಸಂದು, ಇವೆರಡೂ ಸೇರಿದರೆ ತೇವ ಅಡಿಯಲ್ಲಿ ಸಿಕ್ಕಿಬಿದ್ದು ಗೋಡೆಯ ಬುಡಕ್ಕೆ ಹತ್ತೀತು. ಆದುದರಿಂದ ಅಡಿಪಾಯದಲ್ಲಿಯೇ ತೇವತಡೆಯನ್ನು ಹಾಕಿದ ಮನೆಗೆ ಮಾತ್ರ ಈ ಜೋಡಿ ಒಪ್ಪುತ್ತದೆ.

ಮೇಸ್ತ್ರಿಯ ಕೈ

ಎಪಾಕ್ಸಿ ಗ್ರೌಟಿನ ಜಾಹೀರಾತುಗಳಲ್ಲಿ ಹೊಳೆಯುವ ನೆಲ ಕಾಣುತ್ತದೆ. ಅದನ್ನು ತುಂಬಿದ ಕೈ ಕಾಣುವುದಿಲ್ಲ. ಗಟ್ಟಿಯಾದ ಎಪಾಕ್ಸಿ ಸಾಧುವಾದ ವಸ್ತು. ಆದರೆ ಹಸಿಯಾದ ರಾಳವೂ ಗಡುಸುಕಾರಕವೂ ಹಾಗಲ್ಲ. ಬಲೆಯಲ್ಲಿ ಸಿಕ್ಕದ ಉಂಗುರವು ಅಮೀನನ್ನು ಹಿಡಿಯುವಂತೆಯೇ ಚರ್ಮದ ಪ್ರೋಟೀನುಗಳನ್ನೂ ಹಿಡಿಯಬಲ್ಲುದು, ಅವುಗಳಲ್ಲಿಯೂ ಸಾರಜನಕವಿದೆಯಷ್ಟೆ. ದೇಹವು ಹೀಗೆ ಮಾರ್ಪಟ್ಟ ಪ್ರೋಟೀನನ್ನು ಪರಕೀಯವೆಂದು ಬಗೆದು ಅದರ ಮೇಲೆ ಎರಗುತ್ತದೆ. ಮೊದಲ ಸಲ ಏನೂ ತೋರದಿರಬಹುದು, ಹತ್ತನೆಯ ಸಲವೂ ತೋರದಿರಬಹುದು. ಆದರೆ ಒಮ್ಮೆ ಈ ಅಲರ್ಜಿ ನೆಲೆಯೂರಿತೆಂದರೆ ಬಹುಮಟ್ಟಿಗೆ ಜೀವಮಾನವಿಡೀ ಉಳಿಯುತ್ತದೆ. ಒಂದು ತೊಟ್ಟು ರಾಳ ತಾಗಿದರೂ ಕೈ ತುರಿಸಿ, ಕೆಂಪಾಗಿ, ಬೊಕ್ಕೆಯೇಳುತ್ತದೆ. ಕೈಯಿಂದ ಬದುಕುವವನಿಗೆ ಇದರ ಅರ್ಥ ಕಸಬನ್ನೇ ಬಿಡುವುದು.

ಸಿಮೆಂಟಿಗೆ ಒಗ್ಗಿದ ಕೆಲಸಗಾರರು ಬರಿಗೈಯಲ್ಲಿ ಸಂದು ತಿಕ್ಕುವುದೂ, ಅಂಟಿದ ರಾಳವನ್ನು ತಿನ್ನರಿನಿಂದ ತೊಳೆಯುವುದೂ ಉಂಟು. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದು. ತಿನ್ನರು ಚರ್ಮದ ಎಣ್ಣೆಯನ್ನು ಕರಗಿಸಿ ರಾಳಕ್ಕೆ ಒಳದಾರಿ ಮಾಡಿಕೊಡುತ್ತದೆ. ನೈಟ್ರೈಲ್ ರಬ್ಬರಿನ ಕೈಚೀಲ, ಉದ್ದತೋಳಿನ ಅಂಗಿ, ತೆರೆದ ಕಿಟಕಿ, ಬಿದ್ದೊಡನೆ ಸಾಬೂನು ನೀರಿನಿಂದ ತೊಳೆಯುವ ಅಭ್ಯಾಸ, ಇಷ್ಟು ಸಾಕು. ಮನೆಯ ಯಜಮಾನರು ಗ್ರೌಟಿನ ಬೆಲೆಯೊಡನೆ ಕೈಚೀಲದ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಒಂದು ಸಣ್ಣ ಪ್ರಯೋಗ

ಈ ವಿಷಯವನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಬಿಳಿ ಸಿಮೆಂಟನ್ನು ನೀರಿನಲ್ಲಿ ಕಲಸಿ ಬೆಂಕಿಪೆಟ್ಟಿಗೆಯ ತಟ್ಟೆಯಲ್ಲಿ ತುಂಬಿ ಒಂದು ವಾರ ಬಿಡಿರಿ. ಇನ್ನೊಂದು ತಟ್ಟೆಯಲ್ಲಿ ಉಪಾಧ್ಯಾಯರ ಸಮ್ಮುಖದಲ್ಲಿ, ಕೈಚೀಲ ಧರಿಸಿ, ಎರಡು ಕೊಳವೆಗಳ ಎಪಾಕ್ಸಿ ಅಂಟನ್ನು ಒಣ ಮರಳಿನೊಡನೆ ಬೆರೆಸಿ ತುಂಬಿರಿ. ಎರಡೂ ಗಟ್ಟಿಯಾದ ಮೇಲೆ ತೂಗಿ, ಅರಸಿನ ನೀರಿನಲ್ಲಿ ನಾಲ್ಕು ಗಂಟೆ ಮುಳುಗಿಸಿ, ಒರೆಸಿ ಮತ್ತೆ ತೂಗಿರಿ. ತರುವಾಯ ಮುರಿದು ಬಣ್ಣ ಎಷ್ಟು ಆಳಕ್ಕೆ ಇಳಿದಿದೆಯೆಂದು ನೋಡಿರಿ. ಉಳಿದ ತುಂಡುಗಳನ್ನು ವಿನೆಗರಿನಲ್ಲಿ ಒಂದು ವಾರ ಇಟ್ಟು, ತೊಳೆದು, ಚೆನ್ನಾಗಿ ಒಣಗಿಸಿ ಮೂರನೆಯ ಸಲ ತೂಗಿರಿ. ಸಿಮೆಂಟಿನ ತೂಕ ಏಕೆ ಇಳಿಯಿತೆಂಬುದಕ್ಕೆ ಸಮೀಕರಣವನ್ನು ನೀವೇ ಬರೆಯಬಲ್ಲಿರಿ.

ಎಲ್ಲಿ ಬೇಕು, ಎಲ್ಲಿ ಬೇಡ

ಶಸ್ತ್ರಚಿಕಿತ್ಸೆಯ ಕೊಠಡಿಯ ಸಂದಿನಲ್ಲಿ ರಕ್ತ ಇಂಗಬಾರದು. ಹಾಲು ಸಂಸ್ಕರಿಸುವ ಶಾಲೆಯಲ್ಲಿ ಲ್ಯಾಕ್ಟಿಕ್ ಆಮ್ಲ ನೆಲವನ್ನು ತಿನ್ನಬಾರದು. ಮೀನು ಕತ್ತರಿಸುವ ಕಟ್ಟೆಯ ಸಂದಿನಲ್ಲಿ ಸೂಕ್ಷ್ಮಜೀವಿಗಳಿಗೆ ಎಡ��ಯಿರಬಾರದು. ಇಂಥ ಸ್ಥಳಗಳಲ್ಲಿ ಎಪಾಕ್ಸಿಯ ಬೆಲೆ ದುಬಾರಿಯೆನಿಸದು. ಮನೆಯಲ್ಲಿಯೂ ಅಡಿಗೆಯ ಕಟ್ಟೆ, ಬಚ್ಚಲುಮನೆಗಳಿಗೆ ಅದು ಒಪ್ಪುತ್ತದೆ. ಹಿಂದೆ ಹೇಳಿದ ಅಡಿಗೆಮನೆಯ ೩೪ ಮೀಟರ್ ಸಂದು ೮ ಮಿಲಿಮೀಟರ್ ಆಳವಿದ್ದರೆ ಅದನ್ನು ತುಂಬಲು ಬೇಕಾದುದು ಲೀಟರಿನ ಎಂಟು ದಶಾಂಶ ಪಾಲು ಮಾತ್ರ. ಆದರೆ ಒಣಗಿದ ಚಾವಡಿಗೆ, ಮಲಗುವ ಕೋಣೆಗೆ, ಬಿಸಿಲು ಬೀಳುವ ಜಗಲಿಗೆ ಒಳ್ಳೆಯ ಸಿಮೆಂಟು ಗ್ರೌಟೇ ಸಾಕು. ಹಾಳಾದರೆ ಕೆರೆದು ತೆಗೆದು ಮತ್ತೆ ತುಂಬುವುದೂ ಸುಲಭ. ಎಪಾಕ್ಸಿಯನ್ನು ತೆಗೆಯಬೇಕಾದರೆ ಎಷ್ಟೋ ವೇಳೆ ಟೈಲಿನ ಅಂಚೂ ಅದರೊಡನೆ ಹೋಗುತ್ತದೆ.

ಕರಾವಳಿಯ ಹಳೆಯ ಮನೆ ಕೆಡವುವಾಗ ಮಾಡಿನ ಹೆಂಚುಗಳನ್ನು ಒಂದೊಂದಾಗಿ ಇಳಿಸಿ ಇನ್ನೊಂದು ಮಾಡಿಗೆ ಹೊದಿಸುವುದುಂಟು. ಅವುಗಳನ್ನು ಯಾರೂ ಅಂಟಿಸಿರಲಿಲ್ಲವಾದುದರಿಂದ ಅದು ಸಾಧ್ಯವಾಯಿತು. ಎಪಾಕ್ಸಿ ಹಿಡಿದ ನೆಲವನ್ನು ಹಾಗೆ ಬಿಡಿಸಲಾಗದು. ಬಿಡದಂತೆ ಹಿಡಿಯುವುದೇ ಅದರ ಗುಣ, ಬಿಡಿಸಲಾಗದಿರುವುದೇ ಅದರ ಅವಗುಣ. ಈ ಎರಡನ್ನೂ ತೂಗಿ ನೋಡಿದ ಮೇಲೆಯೇ ಸಂದಿಗೆ ಕರಣೆ ಹಾಕುವುದು ಲೇಸು.